ಬೆಳ್ಳಕ್ಕಿಯಿಂದ ಹಂದಿಗೆ, ಹಂದಿಯಿಂದ ಹೊರಸಿಗೆ: ತುಂಗಭದ್ರೆಯ ಭತ್ತದ ಸೀಮೆಯಲ್ಲಿ ಮೆದುಳು ಜ್ವರ

(ಸಿಂಧನೂರಿನಲ್ಲಿ ಭತ್ತದ ಬೆಳೆಗಾರರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಂಜೆ ಆರೂವರೆ ಹೊತ್ತಿಗೆ ನಿಮ್ಮೂರಿನ ಕಾಲುವೆ ಏರಿಯ ಮೇಲೆ ನಿಂತು ಸುತ್ತ ನೋಡಿ. ನಾಟಿ ಮುಗಿದು ಮೂರು ವಾರವಾದ ಗದ್ದೆಗಳಲ್ಲಿ ನೀರು ನಿಂತಿರುತ್ತದೆ. ಹಗಲೆಲ್ಲ ಎಮ್ಮೆಗಳ ಹಿಂದೆ, ಟ್ರ್ಯಾಕ್ಟರ್ ಹಿಂದೆ ಹುಳ ಹೆಕ್ಕಿದ ಬೆಳ್ಳಕ್ಕಿಗಳು ಸಾಲುಗಟ್ಟಿ ಕೆರೆಯಂಚಿನ ಜಾಲಿ ಮರಗಳಿಗೆ ಮರಳುತ್ತವೆ. ಊರಂಚಿನ ಚರಂಡಿಯಲ್ಲಿ ಹೊರಳಾಡಿದ ಹಂದಿಗಳು ತಮ್ಮ ಜಾಗ ಸೇರುತ್ತವೆ. ಕೊಟ್ಟಿಗೆಯಲ್ಲಿ ದನ ಕಟ್ಟಿರುತ್ತದೆ. ಸೆಕೆ ಎಂದು ಮಾಳಿಗೆಯ ಮೇಲೆ ಮಕ್ಕಳಿಗೆ ಹಾಸಿಗೆ ಬಿಚ್ಚಿರುತ್ತಾರೆ. ಕತ್ತಲಾದ ಮೇಲೆ ಮರ, ಹಂದಿ, ಕೊಟ್ಟಿಗೆ, ಮಾಳಿಗೆ ಈ ನಾಲ್ಕೂ ಕಡೆ ಹೋಗಿಬರುವ ಜೀವ ಒಂದೇ. ಅದು ಗದ್ದೆಯ ನೀರಿನಲ್ಲಿ ಹುಟ್ಟಿದ ಹೆಣ್ಣು ಸೊಳ್ಳೆ.

ಆ ಸೊಳ್ಳೆಯ ಜೊಲ್ಲಿನಲ್ಲಿ ಹಕ್ಕಿಯಿಂದಲೋ ಹಂದಿಯಿಂದಲೋ ಬಂದ ಒಂದು ವೈರಸ್ ಇದ್ದರೆ, ಅದು ಕಚ್ಚಿದ ಮಗುವಿಗೆ ಮೆದುಳು ಜ್ವರ ಬರಬಹುದು. ವೈದ್ಯರು ಇದನ್ನು ಜಪಾನೀಸ್ ಎನ್ಸೆಫಲೈಟಿಸ್, ಚಿಕ್ಕದಾಗಿ ಜೆ.ಇ. ಎನ್ನುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳು ರಾಜ್ಯದ ಜೆ.ಇ. ಪೀಡಿತ ಜಿಲ್ಲೆಗಳ ಪಟ್ಟಿಯಲ್ಲಿವೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಈ ವೈರಸ್ಸಿನ ಸಂಸಾರದಲ್ಲಿ ಮನುಷ್ಯನಿಗೆ ಜಾಗವೇ ಇಲ್ಲ. ಹಕ್ಕಿ, ಹಂದಿ, ಸೊಳ್ಳೆ ಇಷ್ಟರಲ್ಲೇ ಅದು ಸುತ್ತುತ್ತಿರುತ್ತದೆ. ಮನುಷ್ಯ ನಡುವೆ ಅಡ್ಡ ಸಿಕ್ಕವನು. ಕಾಯಿಲೆ ಬಿದ್ದವನ ರಕ್ತದಲ್ಲಿ ವೈರಸ್ ಬಹಳ ಕಡಿಮೆ, ಅದೂ ಬಹಳ ಕಡಿಮೆ ಹೊತ್ತು ಇರುತ್ತದೆ. ಅವನನ್ನು ಕಚ್ಚಿದ ಸೊಳ್ಳೆಗೆ ಅದು ಅಂಟುವುದಿಲ್ಲ. ಹಾಗಾಗಿ ರೋಗಿಯಿಂದ ಇನ್ನೊಬ್ಬರಿಗೆ ಬರುವ ಮಾತಿಲ್ಲ. ಡೆಂಗಿ ಹಾಗಲ್ಲ. ಅಲ್ಲಿ ಮನುಷ್ಯನೇ ವೈರಸ್ಸಿನ ಮನೆ, ಒಬ್ಬರಿಂದ ಸೊಳ್ಳೆಗೆ, ಸೊಳ್ಳೆಯಿಂದ ಪಕ್ಕದ ಮನೆಯವರಿಗೆ ಹೋಗುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಮೆದುಳು ಜ್ವರಕ್ಕೆ ಯಾವ ಕೆಲಸ ಮಾಡಬೇಕು, ಯಾವುದು ದಂಡ ಎಂಬುದು ತಿಳಿಯುತ್ತದೆ.

ಮೊದಲು ಸೊಳ್ಳೆಯ ಒಳಗೆ ಏನಾಗುತ್ತದೆ ನೋಡೋಣ. ವೈರಸ್ ಇರುವ ರಕ್ತ ಕುಡಿದ ಸೊಳ್ಳೆ ಮರುದಿನವೇ ರೋಗ ಹರಡುವುದಿಲ್ಲ. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದಂತೆ ಅಲ್ಲ ಇದು. ವೈರಸ್ ಮೊದಲು ಸೊಳ್ಳೆಯ ಕರುಳಿನ ಗೋಡೆಯಲ್ಲಿ ಬೇರೂರಬೇಕು, ಅಲ್ಲಿ ಹೆಚ್ಚಬೇಕು, ಕರುಳು ದಾಟಿ ಮೈಯೆಲ್ಲ ಹರಡಬೇಕು, ಕೊನೆಗೆ ಜೊಲ್ಲಿನ ಗ್ರಂಥಿಗೆ ಬಂದು ಸೇರಬೇಕು. ಕಚ್ಚುವಾಗ ನಮ್ಮ ಮೈಗೆ ಇಳಿಯುವುದು ಸೊಳ್ಳೆಯ ಜೊಲ್ಲು, ಅದು ಹಿಂದೆ ಕುಡಿದ ರಕ್ತ ಅಲ್ಲ. ಈ ಪಯಣಕ್ಕೆ ನಮ್ಮ ಕಡೆಯ ಹವೆಯಲ್ಲಿ ಸುಮಾರು 9ರಿಂದ 12 ದಿನ ಹಿಡಿಯುತ್ತದೆ. ಸೆಕೆ ಹೆಚ್ಚಿದ್ದರೆ ದಿನ ಕಡಿಮೆ, ಚಳಿ ಬಿದ್ದರೆ ಹೆಚ್ಚು.

ಇಲ್ಲೊಂದು ಲೆಕ್ಕ ಇದೆ, ಸ್ವಲ್ಪ ಗಮನವಿಟ್ಟು ಕೇಳಿ. ವೈರಸ್ ಕುಡಿದ 100 ಸೊಳ್ಳೆ ಇವೆ ಎಂದುಕೊಳ್ಳಿ. ದಿನಕ್ಕೆ ಶೇ 80ರಷ್ಟು ಬದುಕುಳಿದರೆ ಹತ್ತನೇ ದಿನಕ್ಕೆ ಉಳಿಯುವವು 10 ಅಥವಾ 11. ಅದೇ ದಿನಕ್ಕೆ ಶೇ 70ರಷ್ಟು ಮಾತ್ರ ಬದುಕುಳಿದರೆ ಹತ್ತನೇ ದಿನಕ್ಕೆ ಉಳಿಯುವುದು ಬರೀ 3. ದಿನದ ಸಾವಿನಲ್ಲಿ ಆದ ಬದಲಾವಣೆ ಸಣ್ಣದು, ಆದರೆ ರೋಗ ಹರಡಬಲ್ಲ ಮುದಿ ಸೊಳ್ಳೆಗಳು ಸುಮಾರು ನಾಲ್ಕರಲ್ಲಿ ಮೂರು ಪಾಲು ಇಲ್ಲವಾದವು. ಔಷಧ ಸವರಿದ ಸೊಳ್ಳೆ ಪರದೆಯ ನಿಜವಾದ ಬಲ ಇದೇ. ಅದು ಒಳಗೆ ಮಲಗಿದವರನ್ನು ಕಾಯುತ್ತದೆ, ಜೊತೆಗೆ ಮೇಲೆ ಕೂತ ಸೊಳ್ಳೆಯ ಆಯುಸ್ಸನ್ನೂ ಕತ್ತರಿಸುತ್ತದೆ.

ಈಗ ಹಕ್ಕಿಗಳ ಮಾತು. ಬೆಳ್ಳಕ್ಕಿ, ಕೊಳದ ಬಕ, ಇರುಳು ಬಕ ಈ ಬಕ ಕುಲದ ಹಕ್ಕಿಗಳೇ ವೈರಸ್ಸಿನ ಮೂಲ ಮನೆ. ಸೊಳ್ಳೆ ಕಚ್ಚಿ ವೈರಸ್ ಒಳಹೊಕ್ಕ ಮೇಲೆ ಹಕ್ಕಿಯ ರಕ್ತದಲ್ಲಿ ಅದು ಕೆಲವೇ ದಿನ ತುಂಬಿ ಹರಿಯುತ್ತದೆ. ಆ ಹೊತ್ತಿನಲ್ಲಿ ಕಚ್ಚಿದ ಸೊಳ್ಳೆಗಳಿಗೆಲ್ಲ ಅಂಟುತ್ತದೆ. ಹಕ್ಕಿಗೆ ಕಾಯಿಲೆ ಕಾಣುವುದಿಲ್ಲ, ಹಾರಾಟ ಮೇವು ಎಲ್ಲ ಎಂದಿನಂತೆ. ಆಮೇಲೆ ಅದರ ಮೈಯಲ್ಲಿ ಪ್ರತಿರೋಧ ಹುಟ್ಟುತ್ತದೆ, ವೈರಸ್ ಖಾಲಿಯಾಗುತ್ತದೆ, ಮತ್ತೆ ಅದೇ ಹಕ್ಕಿಯಲ್ಲಿ ಬೆಳೆಯಲು ಆಗುವುದಿಲ್ಲ.

ಹಾಗಿದ್ದರೆ ವೈರಸ್ ವರ್ಷದಿಂದ ವರ್ಷಕ್ಕೆ ಉಳಿಯುವುದು ಹೇಗೆ? ಹೊಸ ಮರಿಗಳಿಂದ. ಇವು ಒಂಟಿಯಾಗಿ ಗೂಡು ಕಟ್ಟುವ ಹಕ್ಕಿಗಳಲ್ಲ, ಒಂದೇ ಮರದಲ್ಲಿ ಹತ್ತಾರು ಗೂಡು. ಪುಕ್ಕ ಮೂಡದ ಮರಿಗಳ ಬರಿ ಮೈ ಸೊಳ್ಳೆಗೆ ಸಲೀಸು, ಕೊಕ್ಕಿನಿಂದ ಓಡಿಸುವ ಶಕ್ತಿ ಮರಿಗಿಲ್ಲ, ಹಿಂದೆ ವೈರಸ್ ಕಂಡ ಮೈಯೂ ಅದಲ್ಲ. ಮಳೆಗಾಲದಲ್ಲಿ ಮರಿ ಮಾಡುವ ಕಾಲ, ಕಾಲುವೆಗೆ ನೀರು ಬಿಟ್ಟು ಗದ್ದೆ ತುಂಬುವ ಕಾಲ, ಸೊಳ್ಳೆ ಏಳುವ ಕಾಲ ಮೂರೂ ಒಂದರ ಮೇಲೊಂದು ಬಂದು ಕೂರುತ್ತವೆ. ಕೊಯ್ಲಾದ ಗದ್ದೆಗೆ ಮೇಯಲು ತರುವ ಬಾತುಕೋಳಿ ಹಿಂಡುಗಳ ಬಗ್ಗೆಯೂ ಕೇಳುತ್ತೀರಿ. ಎಳೆಯ ಬಾತುಮರಿಗಳ ರಕ್ತದಲ್ಲಿ ಈ ವೈರಸ್ ಚೆನ್ನಾಗಿ ಏರುವುದನ್ನು ಪ್ರಯೋಗಗಳು ತೋರಿಸಿವೆ, ಬಲಿತ ಬಾತುಗಳಲ್ಲಿ ಅಷ್ಟಿಲ್ಲ.

ಇದನ್ನು ಕೇಳಿ ಕೂಡಲೇ ಏಳುವ ಪ್ರಶ್ನೆ, ಬೆಳ್ಳಕ್ಕಿ ಕೂರುವ ಮರ ಕಡಿದರೆ ಆಯಿತಲ್ಲ ಎಂದು. ಆಗುವುದಿಲ್ಲ. ಒಂದು ಮರ ಕಡಿದರೆ ಅಲ್ಲಿನ ಹಕ್ಕಿಗಳು ನಾಲ್ಕು ಊರಿಗೆ ಚದುರುತ್ತವೆ, ಒಂದು ಕಡೆ ಇದ್ದ ವೈರಸ್ ನಾಲ್ಕು ಕಡೆ ಆಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಹಕ್ಕಿಗಳನ್ನು ಕೊಲ್ಲುವುದು, ಗೂಡು ಕೆಡಿಸುವುದು ಅಪರಾಧ. ಕಾಯ್ದೆ ಹಾಗಿರಲಿ, ಗದ್ದೆಯ ಹುಳುಹುಪ್ಪಟೆ ತಿಂದು ನಿಮ್ಮ ಬೆಳೆ ಕಾಯುವ ಹಕ್ಕಿ ಅದು. ಇನ್ನೊಂದು ಗೊಂದಲ ಬಿಡಿಸಬೇಕು. ಇದು ಹಕ್ಕಿ ಜ್ವರ ಅಲ್ಲ. ಹಕ್ಕಿ ಜ್ವರ ಕಾಯಿಲೆ ಬಿದ್ದ ಕೋಳಿಯನ್ನು ಮುಟ್ಟಿದವರಿಗೆ ಬರಬಹುದು. ಇದಕ್ಕೆ ನಡುವೆ ಸೊಳ್ಳೆ ಬೇಕೇ ಬೇಕು. ಗರಿ ಮುಟ್ಟಿದರೆ, ಹಿಕ್ಕೆ ತುಳಿದರೆ, ಬೇಯಿಸಿದ ಕೋಳಿಯನ್ನೋ ಹಂದಿಯನ್ನೋ ತಿಂದರೆ ಮೆದುಳು ಜ್ವರ ಬರುವುದಿಲ್ಲ.

ಬೆಳ್ಳಕ್ಕಿ ಮರದ ಮೇಲಿರುತ್ತದೆ, ಮಗು ಮನೆಯಲ್ಲಿರುತ್ತದೆ. ನಡುವಿನ ಈ ದೂರವನ್ನು ಕಡಿಮೆ ಮಾಡುವುದು ಹಂದಿ. ಸೊಳ್ಳೆ ಕಚ್ಚಿದ ಹಂದಿಯ ರಕ್ತದಲ್ಲಿ ವೈರಸ್ 2ರಿಂದ 4 ದಿನ ಏರಿದ ಮಟ್ಟದಲ್ಲಿ ಇರುತ್ತದೆ. ಆ ದಿನಗಳಲ್ಲಿ ಒಂದೇ ರಾತ್ರಿ ಅದನ್ನು ಕಚ್ಚುವ ಸೊಳ್ಳೆಗಳು ಲೆಕ್ಕಕ್ಕೆ ಸಿಗವು, ಮೈ ದೊಡ್ಡದು, ಕೂದಲು ವಿರಳ. ಒಂದು ಕಿಡಿ ಹುಲ್ಲಿನ ಬಣವೆಗೆ ಬಿದ್ದ ಹಾಗೆ. ಬಲಿತ ಹಂದಿಗೂ ಕಾಯಿಲೆಯ ಲಕ್ಷಣ ಕಾಣುವುದಿಲ್ಲ. ಆದರೆ ಗಬ್ಬದ ಹಂದಿ ಕಂದು ಹಾಕಿದರೆ, ಸತ್ತ ಮರಿ, ಒಣಗಿ ಕಪ್ಪಾದ ಮರಿ ಹಾಕಿದರೆ ಅದನ್ನು ಪಶು ವೈದ್ಯರಿಗೆ ತಿಳಿಸಿ. ಊರಿನಲ್ಲಿ ವೈರಸ್ ಓಡಾಡುತ್ತಿದೆ ಎಂಬ ಮುನ್ಸೂಚನೆ ಅದಾಗಿರಬಹುದು, ಮಕ್ಕಳಿಗೆ ಜ್ವರ ಬರುವ ಮೊದಲೇ ಸಿಗುವ ಸೂಚನೆ.

ಹಂದಿಯ ವಿಷಯದಲ್ಲಿ ಮತ್ತೆ ಹೊಸ ಮರಿಗಳ ಲೆಕ್ಕವೇ ಬರುತ್ತದೆ. ಒಮ್ಮೆ ಸೋಂಕು ಬಂದುಹೋದ ಹಂದಿ ಆಮೇಲೆ ವೈರಸ್ಸಿಗೆ ಪ್ರಯೋಜನವಿಲ್ಲ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಗೆ ಕೆಲವು ತಿಂಗಳು ಇರುತ್ತದೆ, ಅದು ಕರಗಿದ ಮೇಲೆ ಮರಿ ಬಯಲಿಗೆ ಬಿದ್ದಂತೆ. ಹಂದಿಯನ್ನು ಒಂದೇ ವರ್ಷದೊಳಗೆ ಮಾರುವುದರಿಂದ ಊರಿನಲ್ಲಿ ಯಾವಾಗಲೂ ಹೊಸ ಹಂದಿಗಳೇ ಹೆಚ್ಚು. ಆದ್ದರಿಂದ, ಮೆದುಳು ಜ್ವರ ಬಂತೆಂದು ಒಂದೇ ಸಲ ಹಂದಿ ಹಿಡಿದು ಸಾಗಿಸಿದರೆ ಆಗುವುದೇನು? ರಕ್ಷಣೆ ಪಡೆದ ಹಳೆಯ ಹಂದಿಗಳು ಹೋಗುತ್ತವೆ, ಎರಡು ತಿಂಗಳಲ್ಲಿ ಹೊರಗಿನಿಂದ ಎಳೆಯ ಮರಿಗಳು ಬಂದು ತುಂಬುತ್ತವೆ, ಮುಂದಿನ ಹಂಗಾಮಿಗೆ ವೈರಸ್ಸಿಗೆ ಹಬ್ಬ. ಸಾಕುವ ಕುಟುಂಬಗಳನ್ನು ದೂರಿ, ಓಡಿಸಿ ಪ್ರಯೋಜನವಿಲ್ಲ. ಅವರೊಂದಿಗೆ ಕೂತು ಮಾತಾಡಿದರೆ ಮಾತ್ರ ಕೆಲಸ ಆಗುತ್ತದೆ.

ಹಂದಿಗೂಡನ್ನು ಜನವಸತಿಯಿಂದ 4–5 ಕಿಲೋಮೀಟರ್ ದೂರ ಇಡಬೇಕು ಎಂಬುದು ಸರ್ಕಾರದ ಸಲಹೆ. ಸೊಳ್ಳೆ ಒಂದೆರಡು ಕಿಲೋಮೀಟರ್ ಸುಲಭವಾಗಿ ಹಾರುತ್ತದೆ, ಹಾಗಾಗಿ ಈ ಅಂತರ. ಅಷ್ಟು ದೂರ ಆಗದಿದ್ದರೆ ಎರಡನೇ ದಾರಿ ಸೊಳ್ಳೆ ಹೊಗದ ಗೂಡು. ಇಂಚಿಗೆ 16–18 ಕಣ್ಣು ಇರುವ ಜಾಲರಿಯನ್ನು ಕಿಟಕಿಗೆ, ಬಾಗಿಲಿಗೆ, ಛಾವಣಿಯ ಸಂದಿಗೆ ಹೊಡೆಯಬೇಕು. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ಹಂದಿಗಳನ್ನು ಒಳಗೆ ಹಾಕಬೇಕು, ಬೆಳಗಾಗುವವರೆಗೆ ಬಿಡಬಾರದು. ಸಾಮಾನ್ಯವಾಗಿ ಕೆಡುವುದು ಎಲ್ಲಿ ಎಂದರೆ ಬಾಗಿಲ ಕೆಳಗಿನ ಸಂದಿಯಲ್ಲಿ. ಹಂದಿ ಮೂತಿಯಿಂದ ಜಾಲರಿಯನ್ನು ಅಲ್ಲೇ ಕೀಳುತ್ತದೆ. ನೆಲದಿಂದ ಎರಡೂವರೆ ಅಡಿ ಗೋಡೆ ಕಟ್ಟಿ ಅದರ ಮೇಲೆ ಜಾಲರಿ ಹೊಡೆದರೆ ಬಾಳಿಕೆ ಬರುತ್ತದೆ.

ದನ, ಎಮ್ಮೆಗಳ ಪಾತ್ರ ಬೇರೆ. ಈ ಸೊಳ್ಳೆಗೆ ಮನುಷ್ಯನಿಗಿಂತ ದನದ ರಕ್ತವೇ ಇಷ್ಟ. ದನದ ಮೈಯಲ್ಲಿ ವೈರಸ್ ಬೆಳೆಯುವುದಿಲ್ಲ, ಅಲ್ಲಿಗೆ ಬಂದ ವೈರಸ್ ಅಲ್ಲಿಗೇ ಮುಗಿಯಿತು. ಅಷ್ಟರ ಮಟ್ಟಿಗೆ ದನ ನಮಗೆ ಗುರಾಣಿ. ಆದರೆ ರಕ್ತ ಕುಡಿದ ಸೊಳ್ಳೆ ಮೊಟ್ಟೆಯನ್ನೂ ಇಡುತ್ತದೆ, ದನ ಹೆಚ್ಚಿದ್ದಲ್ಲಿ ಸೊಳ್ಳೆಯೂ ಹೆಚ್ಚು. ಹೀಗಾಗಿ ದನ ಕಟ್ಟಿದರೆ ರೋಗ ಬರುವುದಿಲ್ಲ ಎಂದು ನೆಚ್ಚಬೇಡಿ. ಕೊಟ್ಟಿಗೆಯ ಪಕ್ಕದಲ್ಲೇ ಮಗುವಿನ ಹಾಸಿಗೆ ಇದ್ದರೆ ದನಕ್ಕೆಂದು ಬಂದ ಸೊಳ್ಳೆ ಮಗುವನ್ನೂ ಬಿಡುವುದಿಲ್ಲ.

ಈ ಸೊಳ್ಳೆಯ ಹೆಸರು ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್. ಅದರ ಬಂಧುಗಳೆಲ್ಲ ಸೇರಿ ಕ್ಯೂಲೆಕ್ಸ್ ವಿಷ್ಣುಯಿ ಗುಂಪು. ಕಂದು ಬಣ್ಣದ ಸಣ್ಣ ಸೊಳ್ಳೆ, ಸೊಂಡಿಲಿನ ನಡುವೆ ಒಂದು ಬಿಳಿಚು ಪಟ್ಟಿ. ಗೋಡೆಯ ಮೇಲೆ ಮೈಯನ್ನು ಗೋಡೆಗೆ ಸಮನಾಗಿ ಇಟ್ಟು ಕೂರುತ್ತದೆ. ಮಲೇರಿಯಾದ ಅನಾಫಿಲಿಸ್ ಹಿಂಬದಿ ಎತ್ತಿ ಓರೆಯಾಗಿ ಕೂರುತ್ತದೆ. ಕಪ್ಪು ಮೈ, ಬಿಳಿ ಪಟ್ಟೆಯ ಕಾಲು ಇದ್ದು ಹಗಲಲ್ಲಿ ಕಚ್ಚಿದರೆ ಅದು ಡೆಂಗಿಯ ಈಡಿಸ್. ನಮ್ಮ ಗದ್ದೆ ಸೊಳ್ಳೆ ಕತ್ತಲಾದ ಮೇಲೆ ಕಚ್ಚುತ್ತದೆ, ಹೆಚ್ಚಾಗಿ ಮನೆಯ ಹೊರಗೆ. ಕಚ್ಚಿ ಮತ್ತೆ ಹೊರಗೇ, ಗಿಡಗಂಟಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತದೆ. ಮನೆಯ ಒಳಗೋಡೆಗೆ ಔಷಧ ಸಿಂಪಡಿಸಿದರೆ ಮಲೇರಿಯಾ ಸೊಳ್ಳೆ ಸಾಯುವಂತೆ ಇದು ಸಾಯದಿರಲು ಕಾರಣ ಇದೇ.

ನಿಮ್ಮ ಗದ್ದೆಯಲ್ಲಿ ಈ ಸೊಳ್ಳೆ ಹುಟ್ಟುತ್ತಿದೆಯೇ ಎಂದು ನೀವೇ ನೋಡಬಹುದು. ಕಾಲು ಲೀಟರಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಬಟ್ಟಲು ತೆಗೆದುಕೊಳ್ಳಿ, ಉದ್ದ ಹಿಡಿ ಇದ್ದರೆ ಒಳ್ಳೆಯದು. ಬೆಳಗ್ಗೆ ಬದುವಿನ ಮೇಲೆ ಮೆಲ್ಲಗೆ ನಡೆಯಿರಿ. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು, ಬಿದ್ದರೆ ಸೊಳ್ಳೆ ಮರಿಗಳು ತಳಕ್ಕೆ ಇಳಿದುಬಿಡುತ್ತವೆ. ಬದುವಿನ ಅಂಚಿನಲ್ಲಿ, ಹುಲ್ಲು ಇರುವ ಕಡೆ, ಬಟ್ಟಲನ್ನು ಓರೆಯಾಗಿ ಮುಳುಗಿಸಿ ಒಂದೇ ಏಟಿಗೆ ಎತ್ತಿ. ಎತ್ತಿ ಒಂದೆರಡು ನಿಮಿಷ ಅಲುಗಿಸದೆ ಹಿಡಿಯಿರಿ, ಕೆಸರು ತಳ ಸೇರಲಿ. ತಲೆ ಕೆಳಗೆ ಮಾಡಿ, ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಗುಲಿಸಿ ಓರೆಯಾಗಿ ತೂಗಾಡುವ ಹುಳ ಕಂಡರೆ ಅದು ಕ್ಯೂಲೆಕ್ಸ್ ಮರಿ. ಮೇಲ್ಮೈಗೆ ಸಮನಾಗಿ ಕಡ್ಡಿಯಂತೆ ಮಲಗಿದ್ದರೆ ಅನಾಫಿಲಿಸ್. ಅಲ್ಪವಿರಾಮದ ಆಕಾರದಲ್ಲಿ ಡೊಂಕಾಗಿ, ಮುಟ್ಟಿದರೆ ಲಾಗ ಹಾಕುವುದು ಕೋಶ. ಅದು ಒಂದೆರಡು ದಿನದಲ್ಲಿ ರೆಕ್ಕೆ ಬಿಚ್ಚುತ್ತದೆ. ಹತ್ತು ಕಡೆ ಹೀಗೆ ಎತ್ತಿ, ಎಣಿಸಿ ಬರೆದಿಡಿ. ವಾರಕ್ಕೊಮ್ಮೆ ಅದೇ ದಿನ, ಅದೇ ಹತ್ತು ಜಾಗ. ಶಾಲೆಯ ಮಕ್ಕಳಿಂದ ಮಾಡಿಸಬಹುದಾದ ಚೆಂದದ ವಿಜ್ಞಾನ ಪಾಠ ಇದು.

ಎಣಿಸುತ್ತಾ ಹೋದರೆ ಒಂದು ಏರಿಳಿತ ಕಾಣುತ್ತದೆ. ನಾಟಿಯಾದ ಮೊದಲ ವಾರಗಳಲ್ಲಿ ಮರಿಗಳ ಸಂಖ್ಯೆ ಏರುತ್ತದೆ, ಏಕೆಂದರೆ ನೀರಿಗೆ ಬಿಸಿಲು ಬೀಳುತ್ತಿರುತ್ತದೆ, ಮರಿ ತಿನ್ನುವ ಪಾಚಿ ಮತ್ತು ಸೂಕ್ಷ್ಮಜೀವಿಗಳು ಹುಲುಸಾಗಿರುತ್ತವೆ, ಮರಿಯನ್ನು ತಿನ್ನುವ ನೀರುಹುಳುಗಳು ಇನ್ನೂ ಬಂದಿರುವುದಿಲ್ಲ. ಯೂರಿಯಾ ಎರಚಿದ ಮೇಲೆ ಇನ್ನಷ್ಟು ಏರುತ್ತದೆ. ಪೈರು ಒತ್ತಾಗಿ ನೀರನ್ನು ಮುಚ್ಚಿದಾಗ ಇಳಿಯುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಬಿಸಿಲಿಗೆ 7ರಿಂದ 10 ದಿನ ಸಾಕು. ಸೊಳ್ಳೆ ಎದ್ದ ಮೇಲೆ ವೈರಸ್ ಹಕ್ಕಿಯಲ್ಲಿ, ಹಂದಿಯಲ್ಲಿ ಸುತ್ತಿ ಬಲಿಯಲು ವಾರಗಳು ಬೇಕು, ಮನುಷ್ಯನಿಗೆ ಕಚ್ಚಿದ ಮೇಲೆ ಲಕ್ಷಣ ಕಾಣಲು 5ರಿಂದ 15 ದಿನ. ಇದನ್ನೆಲ್ಲ ಕೂಡಿಸಿ. ಜುಲೈ, ಆಗಸ್ಟ್‌ನಲ್ಲಿ ನಾಟಿಯಾದರೆ ಮಕ್ಕಳ ವಾರ್ಡಿನಲ್ಲಿ ಎಚ್ಚರ ಬೇಕಾದ ತಿಂಗಳು ಸೆಪ್ಟೆಂಬರ್‌ನಿಂದ ಡಿಸೆಂಬರ್. ಜಲಾಶಯದಲ್ಲಿ ನೀರಿದ್ದು ಬೇಸಿಗೆ ಬೆಳೆಯನ್ನೂ ಹಾಕಿದ ವರ್ಷ ಗದ್ದೆಗಳು ಜನವರಿಯಿಂದ ಮತ್ತೆ ತುಂಬುತ್ತವೆ. ಫೆಬ್ರವರಿ ಕಳೆದು ಸೆಕೆ ಶುರುವಾಗಿ ಊರೆಲ್ಲ ಮಾಳಿಗೆ ಹತ್ತುವ ಹೊತ್ತಿಗೆ ಸರಿಯಾಗಿ ಎರಡನೇ ಅಲೆಯ ಸೊಳ್ಳೆ ಸಿದ್ಧ. ಒಂದೇ ಬೆಳೆಯ ಊರಿಗೂ ಎರಡು ಬೆಳೆಯ ಊರಿಗೂ ಇರುವ ಈ ವ್ಯತ್ಯಾಸವನ್ನು ಯಾರೂ ಮರೆಯಬಾರದು.

ಹಕ್ಕಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ ಬರುವ ಇನ್ನೊಂದು ವೈರಸ್ ವೆಸ್ಟ್ ನೈಲ್. 1937ರಲ್ಲಿ ಉಗಾಂಡದ ವೆಸ್ಟ್ ನೈಲ್ ಸೀಮೆಯಲ್ಲಿ ಮೊದಲು ಸಿಕ್ಕಿತು, 1999ರಲ್ಲಿ ನ್ಯೂಯಾರ್ಕ್ ತಲುಪಿದಾಗ ಅಲ್ಲಿ ಕಾಗೆಗಳು ಸತ್ತು ಬಿದ್ದವು. ನಮ್ಮ ಪಕ್ಕದ ಕೇರಳದಲ್ಲಿ 2011ರಲ್ಲಿ ಆಲಪ್ಪುಳದಲ್ಲಿ ಇದರ ಮೆದುಳು ಜ್ವರ ಕಂಡಿತು, 2019ರಲ್ಲಿ ಮಲಪ್ಪುರಂನ ಒಬ್ಬ ಬಾಲಕ ತೀರಿಕೊಂಡ. ಇದಕ್ಕೆ ಹಂದಿಯ ಹಂಗಿಲ್ಲ, ಹಕ್ಕಿಗಳೇ ಸಾಕು. ಚರಂಡಿಯಲ್ಲಿ ಹುಟ್ಟುವ ಮನೆ ಸೊಳ್ಳೆಯೂ ಇದನ್ನು ಹೊರಬಲ್ಲದು. ಸೋಂಕಾದ 150 ಮಂದಿಯಲ್ಲಿ ಸುಮಾರು ಒಬ್ಬರಿಗೆ ನರಮಂಡಲಕ್ಕೆ ಏರುತ್ತದೆ, ಹೆಚ್ಚಾಗಿ ವಯಸ್ಸಾದವರಿಗೆ. ಮನುಷ್ಯರಿಗೆ ಲಸಿಕೆ ಇಲ್ಲ. ಒಂದೇ ಕಡೆ ಕಾಗೆಗಳು ಸಾಲಾಗಿ ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ.

ಜೆ.ಇ. ನಮ್ಮ ದೇಶದಲ್ಲಿ ಮನುಷ್ಯರಲ್ಲಿ ಮೊದಲು ಪತ್ತೆಯಾದದ್ದು 1955ರಲ್ಲಿ, ವೆಲ್ಲೂರಿನಲ್ಲಿ. 1970ರ ದಶಕದ ಕೊನೆಗೆ ಕೋಲಾರ, ಮಂಡ್ಯದ ಕಡೆ ಕಾಣಿಸಿಕೊಂಡಿತು. ಭಾರತದಲ್ಲೇ ತಯಾರಾದ ಜೆನ್‌ವ್ಯಾಕ್ ಲಸಿಕೆಗೆ ಬಳಸಿದ ವೈರಸ್ ಕೋಲಾರದ ರೋಗಿಯಿಂದ ಬೇರ್ಪಡಿಸಿದ್ದು. 2005ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರ ಸುತ್ತ ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಸತ್ತರು. ಅದರ ಮರುವರ್ಷ, 2006ರಲ್ಲಿ, ದೇಶದಲ್ಲಿ ಮೊದಲ ಸುತ್ತಿನ ಲಸಿಕಾ ಅಭಿಯಾನಕ್ಕೆ ಆಯ್ದ 11 ಜಿಲ್ಲೆಗಳಲ್ಲಿ ಕರ್ನಾಟಕದಿಂದ ಇದ್ದದ್ದು ಬಳ್ಳಾರಿ. ಅಂದರೆ ಈ ಸೀಮೆಯ ಗಂಡಾಂತರ ಆಗಲೇ ಗೊತ್ತಿತ್ತು.

ಇನ್ನು ಮಾಡಬಹುದಾದ ಕೆಲಸ. ರೈತರು ಹೆಚ್ಚು ಇರುವ ಸಭೆ, ಹಾಗಾಗಿ ನೀರಿನಿಂದ ಶುರು ಮಾಡುತ್ತೇವೆ. ಸೊಳ್ಳೆ ಮರಿಗೆ ಒಂದು ವಾರ ಬಿಡದೆ ನೀರು ಬೇಕು. ವಾರದೊಳಗೆ ಒಮ್ಮೆ ಗದ್ದೆಯ ಮೇಲ್ಮೈ ಆರಿದರೆ ಅದು ಸೊಳ್ಳೆಯಾಗುವುದಿಲ್ಲ. ಹೀಗೆ ನೀರು ಕಟ್ಟುವುದು, ಆರಿಸುವುದು, ಮತ್ತೆ ಕಟ್ಟುವುದು ಭತ್ತಕ್ಕೆ ತೊಂದರೆಯಲ್ಲ, ನೀರೂ ಉಳಿಯುತ್ತದೆ. ಆದರೆ ಕಣ್ಣಂದಾಜಿಗೆ ಮಾಡಬೇಡಿ, ಒಂದು ಕೊಳವೆ ಇಡಿ. ಒಂದಡಿ ಉದ್ದದ, 4ರಿಂದ 6 ಇಂಚು ಅಗಲದ ಪಿವಿಸಿ ಪೈಪಿನ ತುಂಡು. ಕೆಳಗಿನ ಅರ್ಧಕ್ಕೆ ಸುತ್ತಲೂ ಸಣ್ಣ ತೂತು ಕೊರೆಯಿರಿ. ಬದುವಿನಿಂದ ಒಂದು ಮಾರು ಒಳಗೆ, ದಿಬ್ಬವೂ ತಗ್ಗೂ ಅಲ್ಲದ ಕಡೆ, ತೂತಿರುವ ಅರ್ಧ ನೆಲದೊಳಗೆ ಹೋಗುವಂತೆ ಹುಗಿದು ಒಳಗಿನ ಮಣ್ಣು ತೆಗೆಯಿರಿ. ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕೆ ನಿಂತರೆ ಸರಿಯಾಗಿದೆ, ನಿಲ್ಲದಿದ್ದರೆ ತೂತು ಕೆಸರಿನಿಂದ ಕಟ್ಟಿದೆ, ಕಿತ್ತು ತೊಳೆದು ಮತ್ತೆ ಇಡಿ.

ನಾಟಿಯಾದ ಎರಡು ವಾರದವರೆಗೆ ಕಳೆ ಹತೋಟಿಗೆ ನೀರು ಇರಲಿ. ಆಮೇಲೆ 5 ಸೆಂಟಿಮೀಟರ್ ನೀರು ಕಟ್ಟಿ ಬಿಟ್ಟುಬಿಡಿ. ಕೊಳವೆಯಲ್ಲಿ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ 5 ಸೆಂಟಿಮೀಟರ್ ಕಟ್ಟಿ. ಬೇರು ಅಷ್ಟು ಆಳದಿಂದ ನೀರು ಎಳೆಯುತ್ತದೆ, ಇಳುವರಿ ಕಡಿಮೆಯಾಗುವುದಿಲ್ಲ. ತೆನೆ ಒಡೆಯುವ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಮಾತ್ರ ಆರಿಸಬೇಡಿ, ಆಗ ನೀರು ಕಡಿಮೆಯಾದರೆ ಜೊಳ್ಳು ಹೆಚ್ಚುತ್ತದೆ.

ಕೆಡುವುದು ಎಲ್ಲೆಲ್ಲಿ? ಮೊದಲನೆಯದು, ಗದ್ದೆ ಸಮನಿಲ್ಲದಿದ್ದರೆ ದಿಬ್ಬ ಆರಿದರೂ ತಗ್ಗಿನಲ್ಲಿ ನೀರು ಉಳಿಯುತ್ತದೆ. ಟ್ರ್ಯಾಕ್ಟರ್ ಗಾಲಿಯ ಗುರುತು, ಹೆಜ್ಜೆ ಗುರುತು ಇಷ್ಟರಲ್ಲೇ ಸಾವಿರಾರು ಮರಿಗಳು ಬದುಕುತ್ತವೆ. ಲೇಸರ್ ಯಂತ್ರದಿಂದ ಸಮ ಮಾಡಿಸಿದ ಗದ್ದೆಯಲ್ಲಿ ಮಾತ್ರ ಪೂರ್ತಿ ಫಲ. ಎರೆ ನೆಲವನ್ನು ತೀರಾ ಒಣಗಿಸಿದರೆ ಬಿರುಕು ಬಿಟ್ಟು ಮುಂದೆ ಕಟ್ಟಿದ ನೀರೆಲ್ಲ ಪಾತಾಳಕ್ಕೆ ಹೋಗುತ್ತದೆ, ಅದಕ್ಕೇ 15 ಸೆಂಟಿಮೀಟರ್ ಗಡಿ ದಾಟಬಾರದು. ಸವಳು ಬಿದ್ದ ಭೂಮಿಯಲ್ಲಿ ಈ ಪದ್ಧತಿ ಬೇಡ, ನೀರು ಇಳಿದಂತೆ ಉಪ್ಪು ಮೇಲೇರಿ ಪೈರು ಸುಡುತ್ತದೆ. ಇನ್ನು ಕಾಲುವೆಯ ಕೊನೆ ಭಾಗದವರ ಕಷ್ಟ ನಮಗೆ ಗೊತ್ತಿದೆ. ಮುಂದಿನ ಸರದಿ ಬರುತ್ತದೆಯೋ ಇಲ್ಲವೋ ಎಂಬ ಭಯಕ್ಕೆ ಬಂದ ನೀರನ್ನು ತುಂಬಿಟ್ಟುಕೊಳ್ಳುತ್ತಾರೆ. ಮಾನ್ವಿ, ಸಿರವಾರ ಕಡೆಯ ರೈತರಿಗೆ ಗದ್ದೆ ಆರಿಸಿ ಎನ್ನುವ ಮೊದಲು ಅವರ ಸರದಿಯ ನೀರು ದಿನ ತಪ್ಪದೆ ಬರುವಂತೆ ಮಾಡಬೇಕು. ಒಬ್ಬರೇ ಆರಿಸಿದರೆ ಪಕ್ಕದ ಗದ್ದೆಯ ಸೊಳ್ಳೆ ಬರುತ್ತದೆ, ಒಂದು ತೂಬಿನ ಕೆಳಗಿನವರೆಲ್ಲ ಒಟ್ಟಿಗೆ ಮಾಡಬೇಕು. ನೀರಾವರಿ ಸಹಕಾರ ಸಂಘಗಳು ಕೈಹಾಕಬೇಕಾದ ಕೆಲಸ ಇದು. ಕೂರಿಗೆಯಲ್ಲಿ ಭತ್ತ ಬಿತ್ತುವವರಿಗೆ ಮೊದಲ ವಾರಗಳಲ್ಲಿ ನೀರು ನಿಲ್ಲಿಸುವ ಅಗತ್ಯವೇ ಇಲ್ಲದ್ದರಿಂದ ಸೊಳ್ಳೆಯ ಮೊದಲ ಅಲೆ ತಾನೇ ತಪ್ಪುತ್ತದೆ.

ಹೊಗೆ ಯಂತ್ರದ ಬಗ್ಗೆ ಚುಟುಕಾಗಿ ಹೇಳುತ್ತೇವೆ. ಅದು ಆ ಗಳಿಗೆಯಲ್ಲಿ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ಗಾಳಿ ಬೀಸುತ್ತಿದ್ದರೆ, ಹಗಲಲ್ಲಿ ಹೊಡೆದರೆ ವ್ಯರ್ಥ. ನಾಳೆ ಗದ್ದೆಯಿಂದ ಹೊಸ ಸೊಳ್ಳೆ ಬರುತ್ತದೆ. ರೋಗ ಕಂಡ ಊರಿನಲ್ಲಿ ಸಂಜೆ ಹೊತ್ತು ತುರ್ತಾಗಿ ಹೊಡೆಯಲು ಸರಿ, ಅದೇ ಮದ್ದು ಎಂದು ನಂಬಿ ಕೂರಬಾರದು. ಔಷಧ ಸವರಿದ ಪರದೆ ಮೇಲು. ಮಾಳಿಗೆಯ ಮೇಲೆ ಪರದೆ ಕಟ್ಟಲು ಜಾಗವಿಲ್ಲ ಎನ್ನುವವರು ಹೊರಸಿನ ನಾಲ್ಕು ಕಾಲಿಗೆ ನಾಲ್ಕು ಬಿದಿರು ಗಳ ಬಿಗಿದು ಅದಕ್ಕೆ ಕಟ್ಟಲಿ. ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ತೋಳು ಪರದೆಗೆ ಒತ್ತಿಕೊಂಡಿದ್ದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ, ಹಾಗಾಗಿ ಅಗಲದ ಪರದೆ ತನ್ನಿ. ಮಗುವನ್ನು ಪರದೆಯೊಳಗೆ ಹಾಕಬೇಕಾದ್ದು ನಿದ್ದೆ ಬಂದಾಗ ಅಲ್ಲ, ಕತ್ತಲಾದಾಗ.

ಇಷ್ಟೆಲ್ಲದರ ನಡುವೆಯೂ ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಸುಮಾರು 250 ಸೋಂಕಿನಲ್ಲಿ ಒಂದು ಮೆದುಳಿಗೆ ಏರುತ್ತದೆ. ಆದರೆ ಏರಿದರೆ ನೂರರಲ್ಲಿ 30ರವರೆಗೆ ಸಾವು, ಬದುಕಿದ ಮಕ್ಕಳಲ್ಲಿ ಅನೇಕರಿಗೆ ಕೈಕಾಲು ಸೆಟೆತ, ಮಾತು ಹೋಗುವುದು, ಕಲಿಕೆ ಹಿಂದೆ ಬೀಳುವುದು, ಮೂರ್ಛೆ ಉಳಿದುಬಿಡುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಮೊದಲು ಜ್ವರ, ತಲೆನೋವು, ವಾಂತಿ. ಒಂದೆರಡು ದಿನದಲ್ಲಿ ಮಗು ಮಂಕಾಗುತ್ತದೆ, ಅಸಂಬದ್ಧ ಮಾತಾಡುತ್ತದೆ, ಕತ್ತು ಬಿಗಿಯುತ್ತದೆ, ಫಿಟ್ಸ್ ಬರುತ್ತದೆ. ಮುಖ ಭಾವವಿಲ್ಲದಂತೆ ಬಿಗಿದುಕೊಳ್ಳುವುದು, ಕೈ ನಡುಗುವುದು ಕೂಡ ಇದರಲ್ಲಿ ಕಾಣುತ್ತದೆ. ಜ್ವರದ ಜೊತೆ ಅರಿವಿನಲ್ಲಿ ವ್ಯತ್ಯಾಸ ಕಂಡ ಕ್ಷಣವೇ 108ಕ್ಕೆ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.

ಗಾಡಿ ಬರುವವರೆಗೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಯ ವಾಂತಿ ಜೊಲ್ಲು ಹೊರಗೆ ಹರಿಯಲಿ. ಬಾಯಿಗೆ ಚಮಚ, ಬಟ್ಟೆ, ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ ಯಾವುದೂ ಬೇಡ. ಅರಿವಿಲ್ಲದ ಮಗುವಿಗೆ ನೀರನ್ನೂ ಮಾತ್ರೆಯನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಎಷ್ಟು ನಿಮಿಷ ಇತ್ತು ಗಡಿಯಾರ ನೋಡಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಎಚ್ಚರವಿರುವ ಮಗುವಿನ ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವುದಾದರೆ ತೂಕದ ಪ್ರತಿ ಕಿಲೋಗೆ 10–15 ಮಿಲಿಗ್ರಾಂ. ಸಿರಪ್ 5 ಮಿಲಿಲೀಟರಿಗೆ 125 ಮಿಲಿಗ್ರಾಂನದ್ದೂ ಇದೆ, 250ರದ್ದೂ ಇದೆ. 10 ಕಿಲೋ ಮಗುವಿಗೆ ಮೊದಲನೆಯದು 5 ಮಿಲಿ, ಎರಡನೆಯದು ಎರಡೂವರೆ ಮಿಲಿ. ಬಾಟಲಿಯ ಚೀಟಿ ಓದದೆ ಎರಡು ಪಟ್ಟು ಕೊಟ್ಟುಬಿಡುವ ತಪ್ಪು ಮನೆಗಳಲ್ಲಿ ಸುಲಭವಾಗಿ ಆಗುತ್ತದೆ.

ಮೆದುಳು ಜ್ವರವೆಲ್ಲ ಜೆ.ಇ. ಅಲ್ಲ ಎಂಬುದನ್ನು ಆರೋಗ್ಯ ಸಿಬ್ಬಂದಿ ನೆನಪಿಡಬೇಕು. ಗೋರಖ್‌ಪುರದಲ್ಲೇ ಮುಂದೆ ಪರೀಕ್ಷಿಸಿದಾಗ ಎಷ್ಟೋ ಮಕ್ಕಳಿಗೆ ಇದ್ದದ್ದು ಸ್ಕ್ರಬ್ ಟೈಫಸ್, ಅಂದರೆ ಸಣ್ಣ ನುಸಿ ಕಚ್ಚಿ ಬರುವ ಜ್ವರ, ಅದಕ್ಕೆ ಔಷಧ ಉಂಟು. 1998–99ರಲ್ಲಿ ಮಲೇಷ್ಯಾದಲ್ಲಿ ಹಂದಿ ಸಾಕುವವರಿಗೆ ಬಂದ ಮೆದುಳು ಜ್ವರವನ್ನು ಜೆ.ಇ. ಎಂದುಕೊಂಡು ಸೊಳ್ಳೆ ಕೊಲ್ಲುವುದರಲ್ಲಿ, ಲಸಿಕೆ ಹಾಕುವುದರಲ್ಲಿ ಸಮಯ ಹೋಯಿತು. ಆಮೇಲೆ ಗೊತ್ತಾಯಿತು, ಅದು ನಿಪಾ, ಹಂದಿಯಿಂದ ಮನುಷ್ಯನಿಗೆ ನೇರವಾಗಿ ಅಂಟುವ ಬೇರೆಯೇ ವೈರಸ್. ಆದ್ದರಿಂದ ಮಾದರಿ ಕಳಿಸುವುದು ಕಾಗದದ ಶಾಸ್ತ್ರವಲ್ಲ. ಬೆನ್ನುಹುರಿಯ ದ್ರವ ಮತ್ತು ರಕ್ತದಲ್ಲಿ ಐಜಿಎಂ ಎಲೈಸಾ ಮಾಡುತ್ತಾರೆ, ಅಂದರೆ ವೈರಸ್ಸಿನ ವಿರುದ್ಧ ಮೈ ಹುಟ್ಟಿಸಿದ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ. ಜ್ವರದ ಮೊದಲ ದಿನಗಳ ಮಾದರಿಯಲ್ಲಿ ಅದು ಕಾಣದೇ ಇರಬಹುದು, ಅಂಥವರಲ್ಲಿ ಸುಮಾರು ಹತ್ತು ದಿನದ ನಂತರ ಇನ್ನೊಮ್ಮೆ ರಕ್ತ ತೆಗೆಯಬೇಕು. ಮಾದರಿ 2ರಿಂದ 8 ಡಿಗ್ರಿ ತಂಪಿನಲ್ಲಿ ಹೋಗಬೇಕು. ಡೆಂಗಿ, ವೆಸ್ಟ್ ನೈಲ್ ಇದರ ಒಡಹುಟ್ಟುಗಳೇ ಆದ್ದರಿಂದ ರಕ್ತದ ಪರೀಕ್ಷೆ ಒಂದನ್ನು ಇನ್ನೊಂದೆಂದು ತೋರಿಸುವುದುಂಟು. ಬೆನ್ನುಹುರಿಯ ದ್ರವದ ಫಲಿತಾಂಶಕ್ಕೆ ಬೆಲೆ ಹೆಚ್ಚು.

ಕೊನೆಗೆ ಲಸಿಕೆ. ಮೊದಲು ಹೇಳಿದ ಮಾತನ್ನು ಇಲ್ಲಿಗೆ ತನ್ನಿ. ದಡಾರದಲ್ಲಿ ಊರಿನ ಬಹುಪಾಲು ಮಕ್ಕಳಿಗೆ ಲಸಿಕೆಯಾದರೆ ಉಳಿದ ಕೆಲವು ಮಕ್ಕಳಿಗೂ ರಕ್ಷಣೆ ಸಿಗುತ್ತದೆ, ಏಕೆಂದರೆ ರೋಗ ಮಗುವಿನಿಂದ ಮಗುವಿಗೆ ಬರಬೇಕು. ಜೆ.ಇ. ಬರುವುದು ಹಂದಿಯಿಂದ, ಹಕ್ಕಿಯಿಂದ. ಊರಿನ ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಲಸಿಕೆಯಾಗಿದ್ದರೂ ಉಳಿದ ಒಂದು ಮಗುವಿಗೆ ಅಪಾಯ ಎಳ್ಳಷ್ಟೂ ಕಡಿಮೆಯಾಗಿಲ್ಲ. ಪ್ರತಿ ಮಗುವಿಗೂ ತನ್ನದೇ ಎರಡು ಡೋಸ್ ಆಗಬೇಕು. ಮೊದಲನೆಯದು 9 ತಿಂಗಳು ತುಂಬಿದ ಮೇಲೆ 12 ತಿಂಗಳೊಳಗೆ, ದಡಾರ-ರುಬೆಲ್ಲಾ ಲಸಿಕೆಯ ದಿನವೇ. ಎರಡನೆಯದು 16ರಿಂದ 24 ತಿಂಗಳ ನಡುವೆ. ಡೋಸ್ ಅರ್ಧ ಮಿಲಿ. ಪುಡಿ ರೂಪದ ಜೀವಂತ ಲಸಿಕೆಯಾದರೆ ಎಡ ತೋಳಿನ ಚರ್ಮದ ಕೆಳಗೆ, ಕಲಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದು ಚೆಲ್ಲಬೇಕು. ದ್ರವ ರೂಪದ ಜೆನ್‌ವ್ಯಾಕ್ ಆದರೆ ಎಡ ತೊಡೆಯ ಸ್ನಾಯುವಿಗೆ.

ನಮ್ಮ ಸೀಮೆಯಲ್ಲಿ ತಪ್ಪಿಹೋಗುವುದು ಎರಡನೇ ಡೋಸ್. ಕಾರಣ ಗುಳೆ. ಸುಗ್ಗಿ ಮುಗಿದು ಬೆಂಗಳೂರಿಗೋ ಇನ್ನೆಲ್ಲಿಗೋ ಹೋದ ಕುಟುಂಬದ ಮಗುವಿಗೆ ಹದಿನಾರು ತಿಂಗಳು ತುಂಬುವುದು ಕಟ್ಟಡದ ಶೆಡ್ಡಿನಲ್ಲಿ. ಮಗು ಊರಿಗೆ ಮರಳುವುದು ಮುಂಗಾರಿನ ಹೊತ್ತಿಗೆ, ಕಾಲುವೆಗೆ ನೀರು ಬಿಡುವ ಹೊತ್ತಿಗೆ. ಆಶಾ ಕಾರ್ಯಕರ್ತೆಯರಲ್ಲಿ ನಮ್ಮ ಬೇಡಿಕೆ ಒಂದೇ. ಗುಳೆ ಹೊರಡುವ ಮುನ್ನ ತಾಯಿ ಕಾರ್ಡಿನಲ್ಲಿ ಎರಡನೇ ಡೋಸಿನ ತಿಂಗಳನ್ನು ದೊಡ್ಡದಾಗಿ ಬರೆದುಕೊಡಿ, ಅದನ್ನು ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೂ ಆಗುತ್ತದೆ ಎಂದು ಹೇಳಿ. ಜೂನ್‌ನಲ್ಲಿ ಮರಳಿದವರ ಮನೆಗೆ ಮೊದಲ ವಾರದಲ್ಲೇ ಹೋಗಿ ಕಾರ್ಡು ನೋಡಿ. ಎರಡು ವರ್ಷ ದಾಟಿದೆ ಎಂದು ಬಿಡಬೇಡಿ, ತಪ್ಪಿದ ಡೋಸನ್ನು 15 ವರ್ಷದವರೆಗೆ ಹಾಕಬಹುದು. ಕಾರ್ಡು ಕಳೆದಿದ್ದರೆ ನಿಮ್ಮ ಉಪಕೇಂದ್ರದ ದಾಖಲೆ ಪುಸ್ತಕದಲ್ಲಿ ಮಗುವಿನ ಸಾಲು ಇರುತ್ತದೆ. ನಾಟಿಗೆ ಮೊದಲು ಆ ಸಾಲುಗಳಲ್ಲಿ ಖಾಲಿ ಉಳಿದ ಮನೆಗಳನ್ನು ಹುಡುಕಿ ತೆಗೆಯಿರಿ.